ಅಡುಗೆ ಕಟ್ಟೆ ಏರಿದ ಶಾಂತಕ್ಕ

ತಾನು ಕಟ್ಟಿದ ಮನೆಗೆ ಹೇಳದೆ ಕೇಳದೆ ಹೋಗಬಾರದು ಎಂಬ ಬುದ್ಧಿ ಆರ್ಕಿಟೆಕ್ಟನಾದ ನನಗೆ ಮೊನ್ನೆ ಬಂತು. ಕವಿಗಳಿಗೆ ಈ ಕಷ್ಟವಿಲ್ಲ. ಅವರ ಪದ್ಯದೊಳಗೆ ಯಾರೂ ಸಂಸಾರ ಹೂಡುವುದಿಲ್ಲ. ನಮ್ಮ ಕೃತಿಯೊಳಗೆ ಜನ ಸ್ನಾನ ಮಾಡುತ್ತಾರೆ, ಜಗಳಾಡುತ್ತಾರೆ, ರೊಟ್ಟಿ ಬಡಿಯುತ್ತಾರೆ.

ಉಣಕಲ್ಲಿನ ನಿವೃತ್ತ ಮಾಸ್ತರರ ಮನೆ ನಾನು ಸ್ವಂತ ಕಚೇರಿ ತೆರೆದ ಮೇಲೆ ಕಟ್ಟಿಸಿದ ಮೊದಲ ಮನೆ. ಎರಡನೆಯದು ಸಿಕ್ಕಿರಲಿಲ್ಲ. ಸಿಗದಿದ್ದರೆ ಕಮರಿಪೇಟೆಯ ಕಚೇರಿಗೆ ಬೀಗ ಹಾಕಿ, ಹಳೆಯ ಧಣಿಯ ಕೈಕೆಳಗೆ ಮತ್ತೆ ಗೆರೆ ಎಳೆಯಲು ಹೋಗಬೇಕಿತ್ತು. ಅಷ್ಟರಲ್ಲಿ ಮನೆ ಕಟ್ಟಿಸಬೇಕೆಂದಿದ್ದ ಗಬ್ಬೂರಿನ ಹತ್ತಿ ವ್ಯಾಪಾರಿಯೊಬ್ಬರು, "ನೀವು ಕಟ್ಟಿದ್ದು ಒಂದ್ ಮನಿ ತೋರಸ್ರಿ," ಎಂದರು. ಮಾಸ್ತರರ ಮನೆಗೆ ಹೋಗುವ ದಾರಿಯುದ್ದಕ್ಕೂ ಗಾಳಿ, ಬೆಳಕು ಎಂದು ಅವರಿಗೆ ಭಾಷಣ ಬಿಗಿದೆ.

ಬಾಗಿಲು ತೆರೆದೇ ಇತ್ತು. ಒಳಗಿಂದ ಪಟಪಟ ಸದ್ದು. ಅಡುಗೆಮನೆಯ ಬಗ್ಗೆ ನನಗೆ ಎಲ್ಲಿಲ್ಲದ ಹೆಮ್ಮೆ, ಹಾಗಾಗಿ ಮೊದಲು ಅಲ್ಲಿಗೇ ಕರೆದೊಯ್ದೆ. ಹೊಸ್ತಿಲಲ್ಲೇ ನೋಡಿದೆ. ಮಾಸ್ತರರ ಹೆಂಡತಿ, ಅರವತ್ತು ದಾಟಿದ ಶಾಂತಕ್ಕ, ಗ್ರಾನೈಟಿನ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದರು! ಮಗ್ಗುಲಲ್ಲೇ ಉರಿಯುವ ಗ್ಯಾಸಿನ ಒಲೆ. ಸೆರಗಿಗೂ ಉರಿಗೂ ಒಂದು ಗೇಣು ಅಂತರ. ಏರಲು ಕೆಳಗೊಂದು ಪ್ಲಾಸ್ಟಿಕ್ ಕುರ್ಚಿ.

"ಅಕ್ಕಾರ, ಇದೇನ್ರೀ!" ಎಂದು ಚೀರಿದೆ.

"ನಿಂತು ಬಡಿಯಾಕ ನನಗ ಬರಂಗಿಲ್ರಿ ಸರ. ಕೆಳಗ ಕುಂತರ ಒಲಿ ಮ್ಯಾಲೈತಿ. ಅದಕ್ಕ ನಾನ ಮ್ಯಾಲ ಬಂದೇನಿ."

"ಮೊದ್ಲ ಯಾಕ ಹೇಳ್ಲಿಲ್ರಿ?"

"ಕಲ್ತವ್ರು ಅಳತಿ ಮಾಡಿ ಕಟ್ಟೀರಿ. ತಪ್ಪು ನಂದ ಇರಬೇಕು ಅನ್ಕೊಂಡೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತನ್ನು ತಡೆಯಲಾಗಲಿಲ್ಲ. ಅಡುಗೆ ಕಟ್ಟೆ ಮೂವತ್ನಾಲ್ಕು ಇಂಚು ಎತ್ತರವಿರಬೇಕೆಂದು ಕಾಲೇಜಿನಲ್ಲಿ ಉರುಹೊಡೆದವನು ನಾನು. ನಮ್ಮ ಪುಸ್ತಕಗಳಲ್ಲಿ ಗೆರೆಗಳಲ್ಲಿ ಬಿಡಿಸಿದ ಒಬ್ಬ ಮನುಷ್ಯನಿರುತ್ತಾನೆ. ಬಾಗಿಲು, ಮೆಟ್ಟಿಲು, ಕಪಾಟು ಎಲ್ಲ ಅವನ ಮೈಯಳತೆಗೇ. ಪುಣ್ಯಾತ್ಮ ನಿಲ್ಲುತ್ತಾನೆ, ಕುರ್ಚಿಯಲ್ಲಿ ಕೂರುತ್ತಾನೆ. ನೆಲಕ್ಕೆ ಕೂತು ರೊಟ್ಟಿ ಬಡಿದದ್ದನ್ನು ನಾನಂತೂ ಕಾಣೆ. ಅವನನ್ನು ಬಿಡಿ, ಹಲ್ಲು ಬಂದಾಗಿನಿಂದ ರೊಟ್ಟಿ ತಿಂದ ನಾನೇ ಶಾಂತಕ್ಕನನ್ನು ಏನೂ ಕೇಳಿರಲಿಲ್ಲ. ಅಡುಗೆಮನೆ ಹೇಗಿರಬೇಕು ಎಂದು ಮಾಸ್ತರರನ್ನು ಕೇಳಿದ್ದೆ!

ಕೈಹಿಡಿದು ಶಾಂತಕ್ಕನನ್ನು ಕೆಳಗಿಳಿಸಿದೆ. ಗಾರೆ ಕೆಲಸದ ಗೌಂಡಿಯನ್ನು ಕರೆತಂದು ಒಲೆಯನ್ನೂ ನೆಲದ ಮಟ್ಟಕ್ಕೆ ಇಳಿಸಿಕೊಡುವುದಾಗಿ ಮಾತು ಕೊಟ್ಟೆ. ಅವರು ನಮ್ಮಿಬ್ಬರ ಕೈಗೂ ಬಿಸಿರೊಟ್ಟಿ ಕೊಟ್ಟರು.

ಹೊರಗೆ ಬಂದವರೇ ವ್ಯಾಪಾರಿ ನೇರ ಕಾರಿನತ್ತ ನಡೆದರು. ಎರಡನೆಯ ಮನೆಯೂ ಹೋಯಿತು, ಕಚೇರಿಯೂ ಹೋಯಿತು ಅಂದುಕೊಂಡೆ. ಆದರೂ ಆಸೆ ನೋಡಿ, "ನಕ್ಷಾ ತರಲೇನ್ರಿ ಸಾವ್ಕಾರ್ರ?" ಎಂದೆ.

"ನಕ್ಷಾ ಆಮ್ಯಾಲ. ನಾಳೆ ಮನಿಗೆ ಊಟಕ್ಕ ಬರ್ರಿ," ಎಂದರು. ಕಾರಿನ ಬಾಗಿಲು ತೆರೆದವರು ನನ್ನತ್ತ ತಿರುಗಿದರು. "ಲಗ್ನ ಆಗಿ ಮೂವತ್ತು ವರ್ಷ ಆತ್ರಿ. ನಮ್ಮಾಕಿ ಎಲ್ಲಿ ಕುಂತು ರೊಟ್ಟಿ ಬಡೀತಾಳ ಅಂತ ನನಗೂ ಗೊತ್ತಿಲ್ಲ."