ಬಾಗಿಲಿಗೆ ಕಟ್ಟಿದ ಕದಿರು

ಆ ವರ್ಷ ನಮ್ಮ ಮನೆಯ ಬಾಗಿಲಿಗೆ ಭತ್ತದ ಕದಿರು ಕಟ್ಟಿದ್ದು ನಾನು. ನನ್ನ ಸೊಸೆಯಲ್ಲ. ಕಟ್ಟಿದ್ದು ತಪ್ಪಲ್ಲ. ಸೊಸೆ ಕಟ್ಟಿದಳು ಎಂದು ಜನರೆದುರು ಹೇಳಿದೆನಲ್ಲ — ಅದು ತಪ್ಪು. ಬೈಬಲ್ ತೊಡೆಯ ಮೇಲೆ ಇಟ್ಟುಕೊಂಡು ಹೇಳಿದೆ. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ಊರಿನವರು ಆಮೇಲೆ ಸೇರಿಸಿದ್ದು, ಅದಕ್ಕೂ ದಾರಿ ಮಾಡಿಕೊಟ್ಟವಳು ನಾನೇ.

ನಾನು ಮೂರನೇ ಇಯತ್ತೆಯ ತನಕ ಓದಿದವಳು. ಮನೆಯಲ್ಲಿ ಆಡುವುದು ಕೊಂಕಣಿ, ಶಾಲೆಯಲ್ಲಿ ತಿದ್ದಿದ್ದು ಕನ್ನಡ. ಹಾಗಾಗಿ ಬರೆಯುವುದು ಕನ್ನಡದಲ್ಲಿ. ಪಾದ್ರಿಯ ಹತ್ತಿರ ಪಾಪನಿವೇದನೆ ಮಾಡಿದರೆ ಸಾಲದೇ, ಹೀಗೆ ಬರೆದು ಅಚ್ಚು ಹಾಕಿಸುವುದು ಯಾಕೆ ಎಂದು ಮಗ ಕೇಳಿದ. ಸಾಲದು. ಪಾದ್ರಿಯ ಕಿವಿಗೆ ಹೇಳಿದ್ದು ಅಲ್ಲಿಗೇ ಮುಗಿಯುತ್ತದೆ. ನಾನು ಸುಳ್ಳು ಹೇಳಿದ್ದು ಎಲ್ಲರ ಕಿವಿಗೆ.

ನಮ್ಮ ಮನೆ ಹೊನ್ನಾವರದಲ್ಲಿ, ಹೊಳೆಯ ಬದಿಗೆ. ನಾವು ಕ್ರಿಸ್ತಾಂವರು. ಮಗ ಜುಜೆ ಟೆಂಪೋ ಓಡಿಸುತ್ತಾನೆ. ಕುಮಟೆಯ ಪೇಟೆಗೆ ಹೋಗಿ ಬರುವಾಗ ಅಲ್ಲಿ ತರಕಾರಿ ಮಾರುತ್ತಿದ್ದ ಮಾದೇವಿಯನ್ನು ನೋಡಿದ, ಇವಳನ್ನೇ ಮದುವೆಯಾಗುವುದು ಎಂದು ಹಟ ಹಿಡಿದ. ಸಂತೆಗುಳಿ ಕಡೆಯ ಒಕ್ಕಲು ಮನೆಯ ಹುಡುಗಿ, ಹಿಂದೂ. ಜ್ಞಾನಸ್ನಾನ ಮಾಡಿಸಿ ಮಾರ್ಥಾ ಎಂದು ಹೆಸರಿಟ್ಟೆವು. ಅತ್ತೆ ಎನ್ನುವ ಬದಲು ನಮ್ಮ ಮಾತಿನಲ್ಲೇ ನನ್ನನ್ನು ಮಾಂಯ್ ಎಂದು ಕರೆಯತೊಡಗಿದಳು. ಹೆಸರು ಬದಲಾದ ಮೇಲೆ ಅವಳು ನಮ್ಮವಳೇ ಎಂದು ಬಾಯಲ್ಲಿ ಹೇಳಿದೆವು. ಮನಸ್ಸಿನಲ್ಲಿ — ನನ್ನ ಮನಸ್ಸಿನಲ್ಲಂತೂ — ಅವಳು ಆಚೆಯಿಂದ ಬಂದವಳಾಗಿಯೇ ಉಳಿದಳು.

ಮಳೆ ಸ್ವಲ್ಪ ಬಿಡುವು ಕೊಡುವ ಹೊತ್ತಿಗೆ ನಮಗೆ ಮೊಂತಿ ಹಬ್ಬ ಬರುತ್ತದೆ. ಮರಿಯಮ್ಮನವರು ಹುಟ್ಟಿದ ದಿನ. ಮಕ್ಕಳು ಬುಟ್ಟಿಯಲ್ಲಿ ಹೂವು ಕೊಯ್ದು ತಂದು ಶಿಶು ಮರಿಯಮ್ಮನಿಗೆ ಹಾಕುತ್ತಾರೆ. ಪಾದ್ರಿಗಳು ಹೊಸ ಭತ್ತದ ಕದಿರನ್ನು ಮಂತ್ರಿಸಿ ಮನೆಗೆ ಒಂದೊಂದು ಹಿಡಿ ಕೊಡುತ್ತಾರೆ. ಅದರ ನಾಲ್ಕು ಕಾಳು ಸುಲಿದು ಹಾಲಿಗೆ ಹಾಕಿ ಎಲ್ಲರೂ ಕುಡಿಯಬೇಕು. ಆ ದಿನ ಮೀನಿಲ್ಲ, ಮಾಂಸವಿಲ್ಲ, ಬಾಳೆಲೆಯ ಮೇಲೆ ಬರೀ ತರಕಾರಿ ಊಟ. ಉಳಿದ ಕದಿರನ್ನು ಬಾಗಿಲ ಮೇಲೆ ಕಟ್ಟುವುದು ನನ್ನ ತಾಯಿ ಮಾಡುತ್ತಿದ್ದ ಕೆಲಸ, ಅತ್ತೆ ಮಾಡುತ್ತಿದ್ದ ಕೆಲಸ, ಆಮೇಲೆ ನನ್ನದು.

ಇದು ಹಿಂದೂಗಳ ಹೊಸ್ತಿನ ಹಬ್ಬವೇ ಅಲ್ಲವೇ ಎಂದು ಕೇಳುವವರಿದ್ದಾರೆ. ಹೌದು. ಅದಕ್ಕೆ ಯಾಕೆ ಅಷ್ಟು ಗುಟ್ಟು? ನನ್ನ ಅಜ್ಜನ ಅಜ್ಜನೋ ಅವನ ಅಜ್ಜನೋ ಗದ್ದೆ ಮಾಡಿಕೊಂಡಿದ್ದವ, ತಲೆಗೆ ನೀರು ಹೊಯ್ಯಿಸಿಕೊಂಡು ಕ್ರಿಸ್ತಾಂವನಾದ. ಮಾರನೆಯ ದಿನವೂ ಅದೇ ಗದ್ದೆಗೆ ಇಳಿದ, ಅದೇ ಭತ್ತ ಕೊಯ್ದ. ಕೊಟ್ಟವನಿಗೆ ಕೈಮುಗಿಯದೆ ಉಣ್ಣುವುದು ಅವನಿಗೆ ಗೊತ್ತಿರಲಿಲ್ಲ. ಕೈಮುಗಿಯುವ ದಿಕ್ಕು ಬದಲಾಯಿತು, ಅಷ್ಟೇ.

ಈಗ ನಮ್ಮಲ್ಲಿ ಗದ್ದೆಯೇ ಇಲ್ಲ. ಕೆಲವು ರಸ್ತೆಗೆ ಹೋದವು, ಕೆಲವು ಸೀಗಡಿ ಹೊಂಡವಾದವು. ಮಾದೇವಿ ಬಂದ ಮೇಲೆ ಅವಳ ಅಪ್ಪ ಹೊನ್ನಪ್ಪ ಪ್ರತಿ ವರ್ಷ ಹಬ್ಬಕ್ಕೆ ಎರಡು ಬಸ್ಸು ಬದಲಿಸಿ ಬರುತ್ತಿದ್ದ. ತಲೆಯ ಮೇಲೆ ತರಕಾರಿ ಗಂಟು — ಹೀರೆ, ಬೆಂಡೆ, ಮೊಗೆಕಾಯಿ, ಕೆಸುವಿನ ದಂಟು. ಕಂಕುಳಲ್ಲಿ ತನ್ನ ಗದ್ದೆಯ ಒಂದು ಕಟ್ಟು ಕದಿರು. ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತ ನನ್ನನ್ನು ಕೆಣಕುತ್ತಿದ್ದ: "ನಿಮ್ಮ ದೇವರಿಗೂ ಹೊಸ ಭತ್ತವೇ ಬೇಕಂಬ್ರು, ನಮ್ಮ ದೇವರಿಗೂ ಅದೇ ಬೇಕಂಬ್ರು. ಬೆಳೆಯೂದು ಮಾತ್ರ ನಾನೊಬ್ಬನೇ ಆಯ್ತಲ್ಲ ಅಮ್ಮ." ನಾನು ಅವನಿಗೆ ಬೈದು ಚಾ ಕೊಡುತ್ತಿದ್ದೆ. ನನಗೆ ಅವನ ಮೇಲೆ ಸಿಟ್ಟೇನೂ ಇರಲಿಲ್ಲ. ಅದನ್ನೂ ಇಲ್ಲಿ ಬರೆಯಬೇಕು.

ಆಮೇಲೆ ನಮ್ಮೂರಿಗೆ ಒಂದು ಪ್ರಾರ್ಥನಾ ಕೂಟ ಬಂತು. ಭಟ್ಕಳದ ರಸ್ತೆಯಲ್ಲಿ ಒಂದು ದೊಡ್ಡ ಹಾಲ್ ಬಾಡಿಗೆಗೆ ಹಿಡಿದಿದ್ದರು. ನಡೆಸುವವರು ಬೇರೆ ಊರಿನವರು, ಎಲ್ಲರೂ ಬ್ರದರ್ ಎನ್ನುತ್ತಿದ್ದೆವು. ಹೆಸರು ಬೇಡ. ಜುಜೆ ಆಗ ಕುಡಿಯುತ್ತಿದ್ದ, ಸ್ಟೇರಿಂಗ್ ಹಿಡಿದುಕೊಂಡೇ ಕುಡಿಯುತ್ತಿದ್ದ. ಕೂಟಕ್ಕೆ ಹೋಗಲು ಶುರು ಮಾಡಿದ ಮೇಲೆ ಬಿಟ್ಟ. ಇದು ಸುಳ್ಳಲ್ಲ. ಆ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ನನಗೂ ಅಲ್ಲಿ ಮೊದಲ ಸಾಲಿನಲ್ಲಿ ಕುರ್ಚಿ ಕೊಟ್ಟಿದ್ದರು. ನಮ್ಮ ಪಾದ್ರಿಗಳ ಇಗರ್ಜಿಯಲ್ಲಿ ನನಗೆ ಯಾವತ್ತೂ ಹಿಂದಿನ ಬೆಂಚು.

ಬ್ರದರ್ ಎಲ್ಲದರ ಬೇರು ಕೆದಕುತ್ತಿದ್ದರು. ಕ್ರಿಸ್ಮಸ್ಸಿಗೆ ನಕ್ಷತ್ರ ತೂಗುಹಾಕುವುದು ದೀಪಾವಳಿಯ ಗೂಡುದೀಪವಂತೆ. ಮರ ಸಿಂಗರಿಸುವುದು ಯಾವುದೋ ಚಳಿದೇಶದ ಮರಪೂಜೆಯಂತೆ. ನಮ್ಮ ಕರ್ಜಿಕಾಯಿ, ಚಕ್ಕುಲಿ ಅನ್ಯರ ನೈವೇದ್ಯವಂತೆ. ಮೊಂತಿ ಹಬ್ಬವಂತೂ ಮರಿಯಮ್ಮನ ಸೀರೆ ಉಟ್ಟ ವಿಗ್ರಹಾರಾಧನೆ. ನಾವು ತಲೆ ಆಡಿಸುತ್ತಿದ್ದೆವು. ತಲೆ ಆಡಿಸಿಯೂ ಹಬ್ಬದ ದಿನ ಇಗರ್ಜಿಗೆ ಹೋಗಿ ಕದಿರು ತಂದೆ. ಮಾದೇವಿ ಸ್ಟೂಲು ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಹತ್ತಿ ನಿಂತು ಕದಿರನ್ನು ಬಾಳೆನಾರಿನಲ್ಲಿ ಬಾಗಿಲ ಮೇಲೆ ಕಟ್ಟಿದೆ. ಮಂಡಿ ನೋಯುತ್ತಿತ್ತು, ಅವಳ ಭುಜ ಹಿಡಿದು ಇಳಿದೆ.

ಸ್ವಲ್ಪ ಹೊತ್ತಿಗೆ ಬ್ರದರ್ ಕೂಟದ ನಾಲ್ಕೈದು ಜನರೊಂದಿಗೆ ಮನೆ ಪ್ರಾರ್ಥನೆಗೆ ಬಂದರು. ಬರುತ್ತಾರೆಂದು ನನಗೆ ಗೊತ್ತಿರಲಿಲ್ಲ. ಪ್ರಾರ್ಥನೆ ಮುಗಿದು ತಲೆ ಎತ್ತಿದಾಗ ಅವರ ಕಣ್ಣು ಬಾಗಿಲ ಮೇಲೆ ಹೋಯಿತು.

"ಇದು ಯಾರ ಕೆಲಸ?"

ಜುಜೆ ನನ್ನ ಮುಖ ನೋಡಿದ. ಅವನು ಮತ್ತೆ ಬಾಟಲಿ ಹಿಡಿದರೆ ಎಂಬ ಭಯ ಬಂತೇ, ಮೊದಲ ಸಾಲಿನ ಕುರ್ಚಿ ಹೋದರೆ ಎಂದು ಬಂತೇ — ಎರಡೂ ಬಂತು. ಯಾವುದು ಮೊದಲು ಬಂತು ಎಂದು ನನ್ನನ್ನು ಕೇಳಬೇಡಿ. ಕುರ್ಚಿಯೇ ಇರಬೇಕು.

"ಅವಳದ್ದು," ಎಂದೆ. "ಎಂತ ಮಾಡೂದು ಬ್ರದರ್, ಹುಟ್ಟಿದ ಜಾತಿ ಬಿಟ್ಟುಹೋಗೂದಿಲ್ಲ."

ಮಾದೇವಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಸ್ಟೂಲು ಅವಳ ಕೈಯಲ್ಲೇ ಇತ್ತು, ಪ್ರಾರ್ಥನೆ ಮುಗಿಯಿತೆಂದು ಅದನ್ನು ಒಳಗಿಡಲು ಹೊರಟಿದ್ದಳು. ಅವಳು ನನ್ನನ್ನೇ ನೋಡಿದಳು. ಬ್ರದರ್ ಹೇಳಿದಂತೆ ಅದೇ ಸ್ಟೂಲನ್ನು ತಂದಿಟ್ಟು, ತಾನೇ ಹತ್ತಿ, ಕದಿರು ಬಿಚ್ಚಿ ಒಲೆಗೆ ಹಾಕಿದಳು. ಪಾದ್ರಿ ಮಂತ್ರಿಸಿದ ಕದಿರು ಅದು. ಅದನ್ನೂ ನಾನು ಹೇಳಲಿಲ್ಲ.

ಅಷ್ಟರಲ್ಲಿ ಅಂಗಳದಲ್ಲಿ ಕೆಮ್ಮಿದ್ದು ಕೇಳಿತು. ಹೊನ್ನಪ್ಪ. ಹಿಂದಿನ ದಿನವೇ ಬರಬೇಕಾದವ, ಮಳೆಗೆ ಬಸ್ಸು ತಪ್ಪಿ ಹಬ್ಬದ ದಿನ ಬಂದಿದ್ದ. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕದಿರಿನ ಕಟ್ಟು. ಬ್ರದರ್ ನೋಡುವ ಮೊದಲು ನಾನು ಹೊರಗೆ ಓಡಿದೆ.

"ಇನ್ನು ಇದನ್ನೆಲ್ಲ ಇಲ್ಲಿಗೆ ತರಬೇಡಿ," ಎಂದೆ. "ನಿಮ್ಮ ಮಗಳು ನಿಮ್ಮ ಕಡೆಯ ಪೂಜೆ ಮಾಡಿ ನಮ್ಮ ಮನೆಗೆ ಪಾಪ ತಂದಳು."

ಅವನು ಬಾಗಿಲ ಕಡೆ ಒಮ್ಮೆ ನೋಡಿದ. ಗಂಟನ್ನೂ ಕದಿರನ್ನೂ ಬಾವಿಯ ಕಟ್ಟೆಯ ಮೇಲೆ ಇಟ್ಟ. "ಅವಳಿಗೆ ಬೈಬೇಡಿ ಅಮ್ಮ. ನಾನು ಬರೂದಿಲ್ಲ, ಆತು," ಎಂದ. ನೀರು ಬೇಕೇ ಎಂದು ನಾನು ಕೇಳಲಿಲ್ಲ. ಅವನು ತಿರುಗಿ ಹೋದ. ಅಡುಗೆಮನೆಯ ಕಿಟಕಿಯಿಂದ ಮಾದೇವಿಗೆ ಅವನ ಬೆನ್ನು ಕಂಡಿರಬೇಕು.

ಇನ್ನು ಮುಂದಿನದನ್ನು ಬರೆಯುವಾಗ ನನಗೆ ಮೈ ಉರಿಯುತ್ತದೆ. ಕದಿರನ್ನು ದನಕ್ಕೆ ಹಾಕಿದೆ, ತರಕಾರಿಯನ್ನು ಒಳಗೆ ತಂದೆ. ಹಬ್ಬದ ಊಟಕ್ಕೆ ಬೇರೆ ತರಕಾರಿ ಇರಲಿಲ್ಲ. ಬ್ರದರ್ ಬಾಳೆಲೆಯ ಮುಂದೆ ಕೂತು ಆ ಹೀರೆಕಾಯಿ, ಆ ಮೊಗೆಕಾಯಿ ಸಾಂಬಾರು ಎರಡೆರಡು ಸಲ ಹಾಕಿಸಿಕೊಂಡು ಉಂಡರು. ಬಹಳ ರುಚಿ ಎಂದರು. ಅದು ಯಾವ ಗದ್ದೆಯದ್ದು, ಆ ಗದ್ದೆಯ ಬದುವಿನಲ್ಲಿ ಯಾರಿಗೆ ಕಾಯಿ ಒಡೆದಿದ್ದರು ಎಂದು ಬೇರು ಕೆದಕಲಿಲ್ಲ.

ಕೂಟದ ಮುಂದಿನ ಸಭೆಯಲ್ಲಿ ಮಾದೇವಿಯನ್ನು ಎದ್ದು ನಿಲ್ಲಿಸಿದರು. ತವರುಮನೆಯ ಹಬ್ಬಕ್ಕೆ ಹೋಗುವುದಿಲ್ಲ, ಅಲ್ಲಿ ಏನನ್ನೂ ಬಾಯಿಗೆ ಹಾಕುವುದಿಲ್ಲ ಎಂದು ಹೇಳಿಸಿದರು. ಹೇಳಿದಳು. ಮಾರನೆಯ ವರ್ಷದ ಹಬ್ಬ ಕಳೆದು ಚಳಿಗಾಲದಲ್ಲಿ ಹೊನ್ನಪ್ಪ ತೀರಿಕೊಂಡ. ಅವಳು ಹೋಗಿ ಅಂಗಳದ ಅಂಚಿನ ಹಲಸಿನ ಮರದ ಕೆಳಗೆ ನಿಂತು, ಅಪ್ಪನ ಮನೆಯಲ್ಲಿ ಒಂದು ಲೋಟ ನೀರೂ ಮುಟ್ಟದೆ ಸಂಜೆಯ ಬಸ್ಸಿಗೆ ಬಂದಳು. ಮಾತು ಕೊಟ್ಟಿದ್ದಳಲ್ಲ. ಅವಳು ಬಂದು ಬಾವಿಕಟ್ಟೆಯಲ್ಲಿ ಕೊಡಪಾನ ಎತ್ತಿ ನೀರು ಕುಡಿಯುವುದನ್ನು ನಾನು ನೋಡಿದೆ. ಆವಾಗಲಾದರೂ — ಇಲ್ಲ. ಆವಾಗಲೂ ಬಾಯಿ ಬಿಡಲಿಲ್ಲ.

ಬೇರು ಕೆದಕುವವರ ಹತ್ತಿರ ನನಗೊಂದು ಕೇಳಬೇಕಾಗಿದೆ. ನನ್ನ ಗಂಡನ ಶವಪೆಟ್ಟಿಗೆಯ ಬದಿಯಲ್ಲಿ ನನ್ನ ಕೈಯ ಬಳೆ ಒಡೆದರು. ಅದೂ ಅನ್ಯರಿಂದ ಬಂದದ್ದೇ. ಅದನ್ನು ಬಿಡಿ ಎಂದು ಯಾವ ಬ್ರದರೂ ಹೇಳಲಿಲ್ಲ. ಹೆಣ್ಣು ನೋಡಲು ಹೋದರೆ ಇವತ್ತಿಗೂ ಜಾತಿ ಕೇಳುತ್ತೇವೆ. ಅದು ಯಾವ ಸುವಾರ್ತೆಯಲ್ಲಿ ಬರೆದಿದೆ? "ಹುಟ್ಟಿದ ಜಾತಿ" ಎಂದು ನಾನು ಹೇಳಿದಾಗ ಕೂತವರೆಲ್ಲ ಹೌದೆಂದು ತಲೆ ಆಡಿಸಿದರಲ್ಲ, ಆ ಜಾತಿ ಎಂಬುದು ಎಲ್ಲಿಂದ ಬಂತು? ಹೆಂಗಸನ್ನು ತುಳಿಯುವ ಪದ್ಧತಿಗೆ ಬೇರು ಹುಡುಕುವುದಿಲ್ಲ. ಕೆದಕಲು ಒಂದು ಹಿಡಿ ಭತ್ತ ಮಾತ್ರ ಸಿಕ್ಕಿತು ನಿಮಗೆ.

ಕೂಟ ಹೆಚ್ಚು ಕಾಲ ಬಾಳಲಿಲ್ಲ. ಬ್ರದರ್ ಬೇರೆ ಊರಿಗೆ ಹೋದರು. ಜುಜೆ ಮಾತ್ರ ಪುನಃ ಕುಡಿಯಲಿಲ್ಲ, ಪುಣ್ಯ. ನಾವೆಲ್ಲ ನಾಚಿಕೆಯಿಲ್ಲದೆ ಮತ್ತೆ ನಕ್ಷತ್ರ ತೂಗುಹಾಕಿದೆವು, ಕರ್ಜಿಕಾಯಿ ಕರಿದೆವು, ಬಾಗಿಲಿಗೆ ಕದಿರು ಕಟ್ಟಿದೆವು. ಎಲ್ಲವೂ ವಾಪಸು ಬಂತು. ಅವಳ ಮೇಲೆ ಹಾಕಿದ ಕಳಂಕ ಮಾತ್ರ ಹಾಗೇ ಉಳಿಯಿತು. ನಮ್ಮ ವಾರ್ಡಿನ ಹೆಂಗಸರು ಅವಳನ್ನು ಬೆನ್ನ ಹಿಂದೆ ಕರೆಯುವುದು ಕದಿರು ಮಾರ್ಥಾ ಎಂದು. ಅವರ ಬಾಗಿಲಿಗೂ ಕದಿರು ಕಟ್ಟಿಯೇ ಇರುತ್ತದೆ.

ಈ ವರ್ಷ ಹಬ್ಬದ ಹಿಂದಿನ ಸಂಜೆ. ಮೊಮ್ಮಗಳು ವೆನಿಶಾ ಕುಮಟೆಯಲ್ಲಿ ಕಾಲೇಜಿಗೆ ಹೋಗುತ್ತಾಳೆ. ಮೊಬೈಲಿನಲ್ಲಿ ಯಾರದ್ದೋ ಭಾಷಣ ಕೇಳುತ್ತಿದ್ದಳು, ಕ್ರೈಸ್ತರು ಇಂಥ ಹಬ್ಬ ಮಾಡಬಹುದೋ ಬಾರದೋ ಎಂದು. ಅದೇ ನಕ್ಷತ್ರ, ಅದೇ ಮರ, ಅದೇ ಬೇರು. ಮಾದೇವಿ ನಾಳೆಗೆ ಹೂವು ಬಿಡಿಸುತ್ತ, ಇದರಲ್ಲಿ ತಪ್ಪೇನಿದೆ ಮಗಾ ಎಂದಳು. ಹುಡುಗಿ ಮೊಬೈಲಿನಿಂದ ತಲೆ ಎತ್ತದೆ ಹೇಳಿದಳು:

"ನಿಮಗೆ ಗೊತ್ತಾಗೂದಿಲ್ಲ ಅಮ್ಮ. ನೀವು ಆಚೆಯಿಂದ ಬಂದವರು. ಬಾಗಿಲಿಗೆ ಕದಿರು ಕಟ್ಟಿ ಬೈಸ್ಕೊಂಡವರು ನೀವೇ ಅಲ್ವಾ?"

ತಾಯಿಗೆ ಮಗಳು ಹೇಳಿದ ಮಾತು. ಅವಳಿಗೆ ಅದನ್ನು ಕಲಿಸಿದವರು ಯಾರು? ಮಾದೇವಿ ಹೂವು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಕಟ್ಟಿದ್ದು ನಾನು," ಎಂದೆ. "ನಿನ್ನ ಅಮ್ಮ ಸ್ಟೂಲು ಹಿಡಿದಿದ್ದಳು. ಬ್ರದರ್ ಕೇಳಿದಾಗ ನಾನು ಹೆದರಿ ಅವಳ ಮೇಲೆ ಹಾಕಿದೆ."

ಹುಡುಗಿ ಮೊಬೈಲು ಕೆಳಗಿಟ್ಟಳು. ನಾನು ಸೊಸೆಯ ಕಡೆ ತಿರುಗಿದೆ. ಅವಳು ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು, ಅದು ಅವಳಿಗೆ ಗೊತ್ತಿತ್ತೋ ಏನೋ.

"ನಂಗೆ ಗೊತ್ತಿತ್ತಲ್ಲ ಮಾಂಯ್," ಎಂದಳು. "ನಂಗೆ ಹೇಳಿ ಎಂತ ಪ್ರಯೋಜನ? ಅಪ್ಪಂಗೆ ಗೊತ್ತಾಗಲಿಲ್ಲ."

ಹೂವಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಇಗರ್ಜಿಯ ಗಂಟೆ ಬಾರಿಸುತ್ತಿದ್ದಾಗ ನಾನು ಕುಮಟೆಯ ಬಸ್ಸು ಹತ್ತಿದೆ. ಅಲ್ಲಿಂದ ಸಂತೆಗುಳಿಯ ಬಸ್ಸು. ಕೈಯಲ್ಲಿ ಏನೂ ಹಿಡಿಯಲಿಲ್ಲ. ಹಣ್ಣು, ಬಿಸ್ಕಿಟು ಹಿಡಿದು ಹೋದರೆ ಅದು ನೆಂಟರ ಮನೆಗೆ ಹೋದ ಹಾಗಾಗುತ್ತಿತ್ತು. ಮಾದೇವಿಯ ಅಣ್ಣ ಗಣಪ ಅಂಗಳದಲ್ಲಿ ಕೂತು ಪೇಟೆಗೆ ಬಸಳೆ ಕಟ್ಟುತ್ತಿದ್ದ. ನನ್ನ ಗುರುತು ಹತ್ತಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ನಾನು ಹಲಸಿನ ಮರದ ಕೆಳಗೇ ನಿಂತು, ನಿಮ್ಮ ಅಪ್ಪನಿಗೆ ನಾನು ಹೇಳಿದ್ದು ಸುಳ್ಳು, ನಿಮ್ಮ ತಂಗಿ ಏನೂ ಮಾಡಿರಲಿಲ್ಲ, ಕದಿರು ಕಟ್ಟಿದವಳು ನಾನು ಎಂದೆ. ನಡೆದದ್ದನ್ನು ಪೂರ್ತಿ ಹೇಳಿದೆ, ಬ್ರದರ್ ಉಂಡ ತರಕಾರಿಯನ್ನೂ ಬಿಡದೆ.

ಅವನು ಕೈಯಲ್ಲಿದ್ದ ಕಟ್ಟನ್ನು ಕಟ್ಟಿ ಮುಗಿಸಿದ.

"ಮರುವರ್ಷವೂ ಅಪ್ಪ ನಿಮ್ಮ ಮನೆ ಕದಿರು ಬದಿಗೆ ತೆಗೆದಿಟ್ಟಿದ್ದ," ಎಂದ. "ಯಾರಾದ್ರೂ ಬಂದು ಒಯ್ತಾರೆ ಅಂತ ನೋಡ್ತಿದ್ದ."

ಅವನ ಹೆಂಡತಿ ಒಳಗಿನಿಂದ ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ ತಂದು ನನ್ನ ಮುಂದೆ ಹಿಡಿದಳು. ನಾನು ಹೊನ್ನಪ್ಪನಿಗೆ ಕೇಳದಿದ್ದ ನೀರು ಅದು, ಮಾದೇವಿ ಮುಟ್ಟದೆ ಬಂದ ನೀರು. ಬೇಡ ಎನ್ನಲು ನನಗೆ ಮುಖವಿರಲಿಲ್ಲ. ನಿಂತುಕೊಂಡೇ ಪೂರ್ತಿ ಕುಡಿದೆ.