ಅಜೀಮುದ್ದೀನನ ಹಲ್ಲು
ನಮ್ಮ ಹುಮನಾಬಾದಿನ ಓಣಿಯಲ್ಲಿ ಬಾಡಿಗೆ ಕಾರು ಓಡಿಸುವ ಅಜೀಮುದ್ದೀನ್ ತನ್ನ ಗಾಡಿಯ ಮೇಲೆ ಬೇರೆ ಮೆಕ್ಯಾನಿಕ್‌ನ ನೆರಳೂ ಬೀಳಗೊಡುವವನಲ್ಲ. ಚಳಿಯಲ್ಲಿ ಬಸವಕಲ್ಯಾಣಕ್ಕೆ ಹೊರಟು ಪಕ್ಕದ ಸೀಟಿನಲ್ಲಿ ಕೂತವರು, "ಏನ್ರಿ ಸಾಹೇಬ್ರ, ಹೀಟರಿನಾಗ ಕೋಳಿ ಸಾಕೀರೇನು? ಕಟಕಟ ಅನ್ನಾಕತ್ತದ" ಎಂದು ಚೇಷ್ಟೆ ಮಾಡಿದರೆ ಸಾಕು, ಮನೆಗೆ ಬಂದವನೇ ಕಾರಿನ ಬಾಗಿಲು ತೆರೆದು, ತಲೆ ಡ್ಯಾಶ್‌ಬೋರ್ಡಿನ ಕೆಳಗಿಟ್ಟು, ಕಾಲು ಬೀದಿಗೆ ಚಾಚಿ ಮಲಗಿಬಿಡುತ್ತಾನೆ. ಹೀಟರಿನ ಫ್ಯಾನ್ ತಿರುಗಲು ಬಿಟ್ಟು, ಸ್ಕ್ರೂಡ್ರೈವರಿನ ತುದಿಯನ್ನು ಅದರ ಕವಚಕ್ಕೊತ್ತಿ, ಹಿಡಿಕೆಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚುತ್ತಾನೆ. "ಕಿವಿ ನಂಬಬ್ಯಾಡ್ರಿ ಬಾಳಮ್ಮವ್ವ, ಹಲ್ಲಿಗಿ ಎಲ್ಲಾ ಗೊತ್ತಾಗ್ತದ" ಎಂದು ನನಗೆ ಹೇಳುತ್ತಾನೆ. ಹೀಗೆ ಕಚ್ಚಿಯೇ ಚಿಟಗುಪ್ಪದವರ ಜೀಪನ್ನೂ ನನ್ನ ಮಿಕ್ಸಿಯನ್ನೂ ಸರಿಮಾಡಿದ್ದಾನೆ. ಬಿಟ್ಟರೆ ಬಸ್ ಸ್ಟ್ಯಾಂಡನ್ನೇ ಕಚ್ಚಿ ನೋಡುವವ. ಮೊನ್ನೆ ಫ್ಯಾನ್ ಬಿಚ್ಚಿ, ಇಲಿ ತಂದಿಟ್ಟ ಶೇಂಗಾ ಸಿಪ್ಪೆ ತೆಗೆದು, ಮತ್ತೆ ಜೋಡಿಸಿ, ಸದ್ದು ಹೋಯಿತೇ ಎಂದು ಕಚ್ಚಿ ನೋಡುತ್ತಿದ್ದ. ಆಗಲೇ ಟ್ರ್ಯಾಕ್ಟರೊಂದು ಹಾರ್ನ್ ಹೊಡೆಯುತ್ತ ಓಣಿಗೆ ನುಗ್ಗಿತು. ನಾನು ಎದೆ ಒಡೆಯುವಂತೆ ಕೂಗಿದರೂ ಅವನು ಕಾಲು ಎಳೆದುಕೊಳ್ಳಲಿಲ್ಲ. ಟ್ರ್ಯಾಕ್ಟರು ಅವನ ಪಾದದಿಂದ ಗೇಣು ದೂರದಲ್ಲಿ ನಿಂತಿತು. ಓಡಿಹೋಗಿ ಅವನ ಮೊಣಕಾಲು ಹಿಡಿದು ಅಲುಗಿಸಿದೆ. ಎದ್ದು ಟ್ರ್ಯಾಕ್ಟರ್ ನೋಡಿದವನೇ ಬೆವೆತುಹೋದ. "ಮೂರು ತಿಂಗಳಾತವ್ವ, ಎರಡೂ ಕಿವಿ ಹೋಗ್ಯಾವ. ನಮ್ಮ ಮನಿಯಾಕಿ ಜೈನಬಿಗೂ ಹೇಳಿಲ್ಲ. ನೀವೂ ಹೇಳಬ್ಯಾಡ್ರಿ, ಗಾಡಿ ಬಿಡಿಸ್ತಾಳ. ಗಾಡಿ ಬಿಟ್ರ ನಾ ಏನ್ ಮಾಡ್ಲಿ?" ಎಂದ. ಉತ್ತರ ತಿಳಿಯಲು ಅವನು ನನ್ನ ತುಟಿಗಳನ್ನೇ ನೋಡುತ್ತ ನಿಂತ.