ಹಂದಿಯ ಕಿವಿಯಲ್ಲಿ ಸಿಕ್ಕ ಮೂಲಪುರುಷ

ಬೆಳಗ್ಗೆ ಆರೂಕಾಲು. ಮ್ಯಾಸಚೂಸೆಟ್ಸ್‌ನ ನಮ್ಮ ಟಿಲ್‌ಬರಿ ಪುರಭವನದ ನೆಲಮಾಳಿಗೆಯಲ್ಲಿ ಲೊರೆಟಾ ಪೆಕಮ್ ಬಕೆಟ್ ಎತ್ತುತ್ತಿದ್ದಾರೆ. ತೇವ ಹೀರುವ ಯಂತ್ರ ರಾತ್ರಿಯಿಡೀ ತುಂಬಿಸಿಟ್ಟ ನೀರು, ಎರಡು ಗ್ಯಾಲನ್. ಅದನ್ನು ಚೆಲ್ಲಿ, ಕೈ ಒರೆಸಿಕೊಂಡ ಮೇಲೆಯೇ ದಾಖಲೆಕೋಣೆಯ ಕಬ್ಬಿಣದ ಬಾಗಿಲು ತೆಗೆಯುವುದು. "ಒಂದು ವಾರ ತಪ್ಪಿಸಿದ್ರೆ ಮುನ್ನೂರೈವತ್ತು ವರ್ಷದ ಕಾಗದಕ್ಕೆ ಬೂಸ್ಟು. ನನಗೆ ಸಾಹೇಬರಿಗಿಂತ ಬಕೆಟ್ಟೇ ದೊಡ್ಡದು!"

ಅರವತ್ತೇಳರ ಲೊರೆಟಾ ಓದಿದ್ದು ಹೈಸ್ಕೂಲು. ಇಪ್ಪತ್ತೆರಡು ವರ್ಷ ದನ ಸಾಕಿದರು, ಹಾಲಿನ ಬೆಲೆ ಬಿದ್ದು ಕೊಟ್ಟಿಗೆ ಖಾಲಿಯಾಯಿತು. ಇಲ್ಲಿ ಕಸ ಗುಡಿಸಲು ಸೇರಿ, ಹಳೆಯ ಕೈಬರಹ ಓದುವುದನ್ನು ತಾವೇ ಕಲಿತರು. ಈಗ ವಾರಕ್ಕೆ ಮೂವತ್ತು ಪತ್ರ ಬರುತ್ತವೆ. ಎಲ್ಲರ ಪ್ರಶ್ನೆಯೂ ಒಂದೇ: ಹಡಗು ಹತ್ತಿ ಬಂದ ನಮ್ಮ ಮೂಲಪುರುಷ ಯಾರು?

"ಎಲ್ಲರಿಗೂ ಕ್ಯಾಪ್ಟನ್ನೇ ಬೇಕು. ಎಲ್ಲರೂ ಕ್ಯಾಪ್ಟನ್ನೇ ಆದ್ರೆ ಹಗ್ಗ ಎಳೆದೋರು ಯಾರ್ರೀ?"

ಇವರ ನೆರವಿನಿಂದ ಬರೆದ ದಪ್ಪ ವಂಶಾವಳಿ ಪುಸ್ತಕಗಳ ಕೃತಜ್ಞತೆಯ ಪುಟದಲ್ಲಿ ಇವರ ಹೆಸರು ಹುಡುಕಿ ನನಗೆ ಸಾಕಾಗಿದೆ. ಹೇಳಿದರೆ ಲೊರೆಟಾ ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಈ ಗುರುವಾರ ತೊಂಬತ್ತೊಂದರ ವಿನಿಫ್ರೆಡ್ ಲಡ್ಕಿನ್ ಬಂದಿದ್ದಾರೆ, ಊರಿಗೆಲ್ಲ ವಿನ್ನಿ ಆಂಟಿ. ಅವರ ಮನೆತನದ ಸಮಾಧಿಗಳಲ್ಲಿ ಹಳೆಯದು ಈನಕ್ ಎಂಬವನದು. ಅವನ ತಂದೆಗೆಂದು ವಿನ್ನಿಯ ಅಜ್ಜ ನಿಲ್ಲಿಸಿದ ಕಲ್ಲು ಇಂದಿಗೂ ಬೋಳು, ಏಕೆಂದರೆ ಹೆಸರೇ ಗೊತ್ತಿಲ್ಲ. ಬಾಸ್ಟನ್ನಿನ ಯಾರೋ ಕ್ಯಾಪ್ಟನ್ ಲಡ್ಕಿನ್‌ನ ಹೆಸರನ್ನು ಭಾನುವಾರ ಕೆತ್ತಿಸಿಬಿಡೋಣ ಎಂದು ಜೊತೆಗೆ ಬಂದ ಸೋದರಳಿಯ ಡ್ವೈಟ್ ಪಟ್ಟು ಹಿಡಿದಿದ್ದಾನೆ.

"ಇನ್ನೊಬ್ಬರಪ್ಪನ್ನ ನಮ್ಮಪ್ಪ ಅಂತ ಕರೆದು ಸಾಯ್ಲೇನೋ ನಾನು?" ಎಂದು ವಿನ್ನಿ ಗದರುತ್ತಾರೆ.

ಲೊರೆಟಾ ಮೇಜಿನ ಮೇಲಿಡುವುದು ದನದ ಪುಸ್ತಕ. ಬೇಲಿಯಿಲ್ಲದ ಕಾಲದಲ್ಲಿ ಹಂದಿ, ದನ ಊರೆಲ್ಲ ಮೇಯುತ್ತಿದ್ದವು. ಒಂದೊಂದು ಮನೆಯವರು ಒಂದೊಂದು ಬಗೆಯಲ್ಲಿ ಕಿವಿ ಕತ್ತರಿಸಿ, ಆ ಗುರುತನ್ನು ಇದರಲ್ಲಿ ಬರೆಸುತ್ತಿದ್ದರು. ವಂಶ ಹುಡುಕುವ ಪಂಡಿತರು ಇದನ್ನು ಮುಟ್ಟುವುದಿಲ್ಲ. "ದನ ಸಾಕಿದೋಳು ನಾನು, ಬಿಡೋಕಾಗುತ್ತಾ?"

ಲೊರೆಟಾ ಓದುತ್ತಾರೆ: "1661. ರೋಜರ್ ಲಡ್ಕಿನ್. ಹಡಗಿನಲ್ಲಿ ಬಂದ ಖರ್ಚು ತೀರಿಸಲು ಏಳು ವರ್ಷ ಜೀತ ದುಡಿದು ಬಿಡುಗಡೆಯಾದವ. ಊರ ಹಂದಿ ಕಾಯುವವ." ಅಂಚಿನಲ್ಲಿ, ಬೇರೆ ಶಾಯಿಯಲ್ಲಿ: "ಈ ಗುರುತು ಈಗ ಮಗ ಈನಕ್‌ನದು."

"ಹಂದಿ ಕಾಯೋನಾ?" ಡ್ವೈಟನ ಮುಖ ಹುಳ್ಳಗಾಗುತ್ತದೆ.

"ಗುರುತು ಏನಂತೆ, ಓದೇ," ಎನ್ನುತ್ತಾರೆ ವಿನ್ನಿ.

"ಎಡಗಿವಿಯ ತುದಿ ಚೌಕಾಕಾರ ಕತ್ತರಿಸಿದ್ದು..."

"ಬಲಗಿವಿಯ ಅಡಿ ಅರ್ಧಚಂದ್ರ."

ಹೇಳಿದ್ದು ವಿನ್ನಿ. ಲೊರೆಟಾ ಅಲ್ಲಿಯವರೆಗೆ ಇನ್ನೂ ಓದಿರಲಿಲ್ಲ.

"ನಮ್ಮಪ್ಪ ಹಂದಿಮರಿಗಳಿಗೆ ಹೀಗೇ ಕತ್ತರಿಸ್ತಿದ್ದ ಕಣೇ. 'ಯಾಕಪ್ಪ?' ಅಂತ ಕೇಳಿದ್ರೆ 'ನಮ್ಮನೇದು ಹೀಗೇ' ಅಂತಿದ್ದ, ಅಷ್ಟೇ. ಅವನಿಗೂ ಗೊತ್ತಿರ್ಲಿಲ್ಲ." ಮುದುಕಿ ಅಳುತ್ತಾರೆ, ನಗುತ್ತಾರೆ. ನನ್ನ ಕಣ್ಣೂ ಒದ್ದೆ, ಮುಚ್ಚುಮರೆ ಏಕೆ?

ಭಾನುವಾರ ಕಲ್ಲಿನ ಮೇಲೆ ರೋಜರ್‌ನ ಹೆಸರು, ಅದರ ಕೆಳಗೆ ಎರಡು ಕಿವಿ. ಡ್ವೈಟನೇ ನಿಂತು ಕೆತ್ತಿಸಿದ್ದಾನೆ. ಲೊರೆಟಾಗೂ ಕರೆ ಬಂದಿದೆ, ಮೊದಲ ಬಾರಿಗೆ. ಹಿಂದಿನ ಸಾಲಿನಲ್ಲಿ ನಿಂತಿದ್ದಾರೆ.

"ಅಷ್ಟು ತಲೆಮಾರು ಗುರುತು ಮರೀದೆ ಇದ್ದೋರು ಅವರು," ಎನ್ನುತ್ತಾರೆ. "ನಾನು ಬಕೆಟ್ಟಿನ ನೀರು ಚೆಲ್ಲಿದೆ, ಅಷ್ಟೇ."